ಹ್ಯಾಲೋವೀನ್: ಬಳಸುವ ಮುನ್ನ ಓದಿ

ಈ ಕೈಪಿಡಿ ಯಾರಿಗೆ

ಮಗಳ ಬಾಣಂತನಕ್ಕೋ ಮೊಮ್ಮಗನ ಉಪನಯನಕ್ಕೋ ಅಮೆರಿಕಕ್ಕೆ ಬಂದು, ಚಳಿ ಬೀಳುವ ಮುಂಚೆ ಊರು ಸೇರೋಣ ಅಂದುಕೊಂಡೂ ಅಕ್ಟೋಬರ್ 31ರವರೆಗೆ ಉಳಿದುಬಿಟ್ಟ ಅಪ್ಪ-ಅಮ್ಮಂದಿರಿಗೆ. ಆ ಸಂಜೆ ಮಗ, ಸೊಸೆ ಇಬ್ಬರೂ ಮೊಮ್ಮಗುವಿಗೆ ವೇಷ ಹಾಕಿಸಿ ಬೀದಿ ಸುತ್ತಲು ಹೊರಡುತ್ತಾರೆ. ಹೋಗುವಾಗ ಬಾಗಿಲ ಪಕ್ಕ ಒಂದು ದೊಡ್ಡ ಬೋಗುಣಿ ಇಟ್ಟು, "ಬೆಲ್ ಆದ್ರೆ ಬಾಗಿಲು ತೆಗೆದು ಒಂದೊಂದು ಚಾಕಲೇಟ್ ಕೊಡಮ್ಮ, ಅಷ್ಟೇ" ಅನ್ನುತ್ತಾರೆ. ನೀವು ಬಾಗಿಲು ತೆಗೆದರೆ ಎದುರಿಗೆ ಕುತ್ತಿಗೆಗೆ ಕೊಡಲಿ ಸಿಕ್ಕಿಸಿಕೊಂಡ ಮೂರಡಿಯ ಹೆಣ, ಅದರ ಕೈಯಲ್ಲಿ ದಿಂಬಿನ ಚೀಲ. ಆ 'ಅಷ್ಟೇ'ಯೊಳಗೆ ಏನೇನು ತುಂಬಿದೆ ಎಂದು ಬಿಡಿಸಿ ಹೇಳುವ ವ್ಯವಧಾನ ಮಕ್ಕಳಿಗೆ ಇರುವುದಿಲ್ಲ. ಹಾಗಾಗಿ ಈ ಕೈಪಿಡಿ. ಓದಿದ ಮೇಲೆ ಫ್ರಿಜ್ ಬಾಗಿಲಿಗೆ ಅಂಟಿಸಿ.

ತಯಾರಿಕೆಯ ವಿವರ

ಹಬ್ಬದ ಮೇಲೆ ಅಮೆರಿಕದ ಮುದ್ರೆ ಇದ್ದರೂ ತಯಾರಾದದ್ದು ಐರ್ಲೆಂಡಿನಲ್ಲಿ. ಅಲ್ಲಿನ ಕೆಲ್ಟಿಕ್ ಜನ ಸುಗ್ಗಿ ಮುಗಿಸಿ, ಬೇಸಿಗೆಯ ಹುಲ್ಲುಗಾವಲಿನಿಂದ ದನಗಳನ್ನು ಹೊಡೆದುಕೊಂಡು ಬಂದು, ಚಳಿಗಾಲವನ್ನು ಬರಮಾಡಿಕೊಳ್ಳುತ್ತಿದ್ದ ಹಬ್ಬದ ಹೆಸರು ಸೌವಿನ್. ಆ ರಾತ್ರಿ ಸತ್ತವರ ಲೋಕಕ್ಕೂ ಇದ್ದವರ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ. ರಾಸ್‌ಕಾಮನ್ ಜಿಲ್ಲೆಯ ರಾತ್‌ಕ್ರೋಹನ್ ಎಂಬಲ್ಲಿ ಹೊಲದ ಮಧ್ಯೆ ಬಗ್ಗಿ ನುಗ್ಗಬೇಕಾದ ಒಂದು ಗುಹೆ ಇದೆ. ಹಳೆಯ ಐರಿಷ್ ಕಥೆಗಳ ಪ್ರಕಾರ ದೆವ್ವಗಳು ಹೊರಬೀಳುವುದು ಅಲ್ಲಿಂದಲೇ. ಎಂಟನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗರಿ ರೋಮಿನಲ್ಲಿ ನವೆಂಬರ್ 1ನ್ನು ಸಕಲ ಸಂತರ ದಿನವಾಗಿ ಆಚರಿಸಿದ, ಒಂಬತ್ತನೆಯ ಶತಮಾನದಲ್ಲಿ ನಾಲ್ಕನೆಯ ಗ್ರೆಗರಿ ಅದನ್ನು ಇನ್ನಷ್ಟು ಹರಡಿದ. ಹೀಗೆ ಸಂತರ ದಿನದ ಹಿಂದಿನ ಸಂಜೆ ದೆವ್ವಗಳ ಪಾಲಿಗೆ ಬಂತು. ಅದೇ ನವೆಂಬರ್ 1ಕ್ಕೆ 1956ರಿಂದ ಇನ್ನೊಂದು ಹಬ್ಬವೂ ಸೇರಿದೆ, ಅದು ನಿಮಗೆ ಗೊತ್ತು. ನಿಮ್ಮ ಮಗನ ಊರಿನ ಕನ್ನಡ ಸಂಘ ಅದನ್ನು ಶನಿವಾರವೋ ಭಾನುವಾರವೋ ನೋಡಿಕೊಂಡು ಮಾಡುತ್ತದೆ.

ಗಮನಿಸಿ: ಈ ಹಬ್ಬದಲ್ಲಿ ಒಂದು ಭಾಗವೂ ಒರಿಜಿನಲ್ ಅಲ್ಲ. ಕೆತ್ತುತ್ತಿದ್ದ ಗೆಡ್ಡೆ ಹೋಗಿ ಕುಂಬಳ ಬಂದಿದೆ, ಸತ್ತವರಿಗಾಗಿ ಹಂಚುತ್ತಿದ್ದ ರೊಟ್ಟಿ ಹೋಗಿ ಚಾಕಲೇಟ್ ಬಂದಿದೆ, ಗುಹೆಯ ದೆವ್ವಗಳ ಜಾಗದಲ್ಲಿ ಹಾಲಿವುಡ್ಡಿನ ದೆವ್ವಗಳು ನಿಂತಿವೆ. ಯಂತ್ರ ಮಾತ್ರ ಒಂದು ವರ್ಷವೂ ಕೆಟ್ಟು ನಿಂತಿಲ್ಲ. ನನ್ನನ್ನು ಕೇಳಿದರೆ, ಅದು ಇಷ್ಟು ಚೆನ್ನಾಗಿ ಓಡುವುದು ಬಿಡಿಭಾಗದ ಬಗ್ಗೆ ಹಟ ಹಿಡಿಯದ್ದರಿಂದಲೇ.

ಮುಖ್ಯ ಭಾಗ: ಕುಂಬಳ

ಮೊದಲು ಇದ್ದದ್ದು ಟರ್ನಿಪ್. ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಆ ಗೆಡ್ಡೆಯನ್ನು ಕೊರೆದು, ಕಣ್ಣು ಬಾಯಿ ತೆಗೆದು, ಒಳಗೆ ಕೆಂಡ ಇಡುತ್ತಿದ್ದರು. ಮೇಯೋ ಜಿಲ್ಲೆಯ ಗ್ರಾಮೀಣ ಬದುಕಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಅಂಥದೊಂದರ ಅಚ್ಚು ಇದೆ. ಹಲ್ಲು ಕಿರಿದು ಸುಕ್ಕುಗಟ್ಟಿದ ಆ ಮುಖ ನೋಡಿದವರಿಗೆ ಇಂದಿನ ಕುಂಬಳದ ನಗು ದೆವ್ವದ್ದಲ್ಲ, ಸೇಲ್ಸ್‌ಮನ್‌ನದು ಅನ್ನಿಸುತ್ತದೆ. ಇದಕ್ಕೊಂದು ಸ್ಥಳಪುರಾಣವೂ ಉಂಟು. ಜಿಪುಣ ಜ್ಯಾಕ್ ಎಂಬ ಕುಡುಕ ಸೈತಾನನಿಗೇ ಎರಡು ಸಲ ಟೋಪಿ ಹಾಕಿದ. ಸತ್ತ ಮೇಲೆ ಸ್ವರ್ಗ ಅವನನ್ನು ಸೇರಿಸಲಿಲ್ಲ, ಕೊಟ್ಟ ಮಾತಿಗೆ ಕಟ್ಟುಬಿದ್ದ ಸೈತಾನ ನರಕಕ್ಕೂ ಸೇರಿಸಲಿಲ್ಲ. ದಾರಿಗಿರಲಿ ಎಂದು ಒಂದು ಕೆಂಡ ಮಾತ್ರ ಎಸೆದ. ಜ್ಯಾಕ್ ಅದನ್ನು ಟರ್ನಿಪ್‌ನಲ್ಲಿಟ್ಟುಕೊಂಡು ಇಂದಿಗೂ ಅಲೆಯುತ್ತಿದ್ದಾನೆ. ಐರಿಷ್ ವಲಸಿಗರು ಅಮೆರಿಕಕ್ಕೆ ಬಂದಾಗ ಇಲ್ಲಿ ತಟ್ಟಿದರೆ ಟೊಳ್ಳು ಸದ್ದು ಮಾಡುವ, ಚಾಕು ಸಲೀಸಾಗಿ ಇಳಿಯುವ ದೊಡ್ಡ ಕಾಯಿ ಕಂಡಿತು. ಟರ್ನಿಪ್ ಕೊರೆದು ಕೈಗೆ ಬೊಬ್ಬೆ ಬಂದವನು ಮತ್ತೆ ಹಳೆಯದರ ಕಡೆ ತಿರುಗಿ ನೋಡಿಯಾನೆ?

ಕುಂಬಳ ಇಲ್ಲಿ ನಿಮ್ಮ ಹಾಗೆ ಅತಿಥಿಯಲ್ಲ, ಮನೆಯ ಯಜಮಾನ. ಮೆಕ್ಸಿಕೋದ ಒಆಹಾಕಾ ಪ್ರಾಂತ್ಯದ ಗಿಲಾ ನಕಿಟ್ಸ್ ಗುಹೆಯಲ್ಲಿ ಸಿಕ್ಕ ಬೀಜಗಳ ಪ್ರಕಾರ ಮನುಷ್ಯ ಅದನ್ನು ಸುಮಾರು 10,000 ವರ್ಷಗಳ ಹಿಂದೆಯೇ ಬೆಳೆಯತೊಡಗಿದ್ದ. ನಾವು ಪಲ್ಯಕ್ಕೆ ಹಾಕುವ ಸಿಹಿಗುಂಬಳದ ತವರೂ ಇದೇ ಖಂಡ. ನಮ್ಮ ಮಕ್ಕಳು ಅಮೆರಿಕಕ್ಕೆ ಹಾರುವ ಶತಮಾನಗಳ ಮುಂಚೆ ಅದು ಅಲ್ಲಿಂದ ನಮ್ಮ ಹಿತ್ತಲಿಗೆ ಇಳಿದಿತ್ತು. ಬೂದುಗುಂಬಳ ಮಾತ್ರ ಏಷ್ಯಾದ್ದು, ಬೇರೆ ಕುಲ. ಆದ್ದರಿಂದ ಹೊಸ್ತಿಲ ಮುಂದೆ ಕುಂಬಳ ಕಂಡ ಕೂಡಲೇ ದೃಷ್ಟಿ ತೆಗೆದು, ಕುಂಕುಮ ಸವರಿ, ನೆಲಕ್ಕೆ ಅಪ್ಪಳಿಸಲು ಹೋಗಬೇಡಿ. ಇಲ್ಲಿ ಕುಂಬಳ ಒಡೆಯುವುದು ಕಿಡಿಗೇಡಿ ಹುಡುಗರ ಕೆಲಸ.

ಕೆತ್ತುವ ಕ್ರಮ: ತೊಟ್ಟಿನ ಸುತ್ತ ಮುಚ್ಚಳ ಕತ್ತರಿಸುವಾಗ ಚಾಕುವನ್ನು ಓರೆಯಾಗಿ ಹಿಡಿಯಿರಿ. ನೇರವಾಗಿ ಕೊಯ್ದರೆ ಮುಚ್ಚಳ ಒಳಗೆ ಬಿದ್ದು ಮಾಯವಾಗುತ್ತದೆ. ತಿರುಳನ್ನು ಗೋಡೆಗೆ ಅಂಟದಂತೆ ಪೂರಾ ಕೆರೆಯಿರಿ. ಬೀಜ ಎಸೆಯಬೇಡಿ, ತೊಳೆದು, ಒರೆಸಿ, ಉಪ್ಪು ಖಾರ ಹಾಕಿ ಒವನ್‌ನಲ್ಲಿ ಹುರಿದರೆ ಈ ಹಬ್ಬದ ಅತ್ಯುತ್ತಮ ತಿಂಡಿ ಅದೇ. ಒಳಗೆ ಮೇಣದ ಬತ್ತಿ ಬೇಡ, ಬ್ಯಾಟರಿ ದೀಪ ಇಡಿ. ಉದ್ದ ಲಂಗದ ರಾಜಕುಮಾರಿಯರು ಆ ಜಾಗದಲ್ಲೇ ನಿಂತು ಬೆಲ್ ಒತ್ತುತ್ತಾರೆ. ಕಾಯಿಯ ಹತ್ತರಲ್ಲಿ ಒಂಬತ್ತು ಪಾಲು ನೀರೇ ಆದ್ದರಿಂದ ಕೆತ್ತಿದ ವಾರದೊಳಗೆ ಮುಖ ಕುಸಿದು, ಹಲ್ಲು ಒಳಸರಿದು, ಬೂಷ್ಟು ಬರುತ್ತದೆ. ಅದು ದೋಷವಲ್ಲ. ಅಳಿಲು ಮೂಗು ತಿಂದು ಹೋದರೂ ಬದಲಿ ಕೊಡಲಾಗುವುದಿಲ್ಲ.

ಎಚ್ಚರಿಕೆ: ಬಾಗಿಲ ಮುಂದಿನ ಕುಂಬಳವನ್ನು ಸಾಂಬಾರಿಗೆ ಹಾಕಬೇಡಿ. ಅದು ಬಹುಶಃ ಹೌಡನ್ ಎಂಬ ತಳಿ. ಮ್ಯಾಸಚುಸೆಟ್ಸಿನ ರೈತ ಜಾನ್ ಹೌಡನ್ 1960ರ ದಶಕದಲ್ಲಿ ಬೆಳೆಸಿದ್ದು, ಗಟ್ಟಿ ತೊಟ್ಟು ಮತ್ತು ಚಂದದ ಆಕಾರ ನೋಡಿ ಆರಿಸಿದ್ದು. ರುಚಿಯನ್ನು ಯಾರೂ ಕೇಳಲಿಲ್ಲ, ಅದೂ ಕೊಡಲಿಲ್ಲ. ನಿಮಗೆ ಬೇಕಾದ ಕುಂಬಳ ಅಂಗಡಿಯ ಡಬ್ಬಿಯಲ್ಲಿದೆ. ಪೈ ಮಾಡಲು ಮಾರುವ ಆ ಡಬ್ಬಿಯ ತಿರುಳಿನ ಬಹುಪಾಲು ಇಲಿನಾಯ್ ರಾಜ್ಯದ ಮಾರ್ಟನ್ ಊರಿನ ಸುತ್ತಮುತ್ತ ಬೆಳೆಯುವ, ಹೊರಗೆ ಬಣ್ಣಗೆಟ್ಟ ಡಿಕಿನ್ಸನ್ ಎಂಬ ತಳಿಯದು. ಸಸ್ಯಶಾಸ್ತ್ರದಲ್ಲಿ ಅದೂ ನಮ್ಮ ಸಿಹಿಗುಂಬಳವೂ ಒಂದೇ ಜಾತಿ. ಡಬ್ಬಿ ಒಡೆದು ಬೆಲ್ಲ, ಏಲಕ್ಕಿ ಹಾಕಿ ಗಾರಿಗೆ ಮಾಡಿದ ಅಮ್ಮಂದಿರು ಈ ದೇಶದಲ್ಲಿ ಸಾಕಷ್ಟು ಇದ್ದಾರೆ.

ಇನ್ನು ದೊಡ್ಡ ಕುಂಬಳದ ವಿಷಯ. ಕೆನಡಾದ ನೋವಾ ಸ್ಕೋಶಿಯಾದಲ್ಲಿ ಹೋವರ್ಡ್ ಡಿಲ್ ಎಂಬ ರೈತ ಬೆಳೆಸಿದ ಅಟ್ಲಾಂಟಿಕ್ ಜಯಂಟ್ ತಳಿಯಿಂದ ಹುಚ್ಚು ಹತ್ತಿಕೊಂಡಿತು. 2023ರಲ್ಲಿ ಮಿನೆಸೋಟಾದ ಆನೋಕಾ ಊರಿನ ತೋಟಗಾರಿಕೆ ಮೇಷ್ಟ್ರು ಟ್ರಾವಿಸ್ ಗೀಂಗರ್ 1,247 ಕಿಲೋ ತೂಗುವ ಕುಂಬಳವನ್ನು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಗೆ ಟ್ರಕ್ಕಿನಲ್ಲಿ ಒಯ್ದು ವಿಶ್ವದಾಖಲೆ ಮಾಡಿದರು. ಕುಂಬಳಕ್ಕೆ ಮೈಕಲ್ ಜೋರ್ಡನ್ ಎಂದು ನಾಮಕರಣವೂ ಆಗಿತ್ತು. 2025ರಲ್ಲಿ ಇಂಗ್ಲೆಂಡಿನ ಅವಳಿ ಸೋದರರು 1,278 ಕಿಲೋದ ಕಾಯಿ ತೂಗಿಸಿ ದಾಖಲೆ ಕಸಿದುಕೊಂಡರು. ಡಿಲ್ ಅವರ ಊರಾದ ವಿಂಡ್ಸರ್‌ನಲ್ಲಿ 1999ರಲ್ಲಿ ಇಂಥ ಕಾಯಿಗಳ ಹೊಟ್ಟೆ ಬಗೆದು, ಒಳಗೆ ಕೂತು, ಕೆರೆಯಲ್ಲಿ ಹುಟ್ಟು ಹಾಕುವ ಪಂದ್ಯ ಶುರುವಾಯಿತು. ಯಾಕೆ ಎಂದು ಕೇಳಬೇಡಿ.

ಇಂಧನ: ಸಿಹಿ

ಇದರ ಕೆಲಸ ಮಾಡುವ ರೀತಿ ಸರಳ: ಇದು ಲಂಚ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸುತ್ತೇವೆಂದು ಹೇಳಿ ಸಣ್ಣ ರೊಟ್ಟಿ ಪಡೆಯುತ್ತಿದ್ದರು. ಸ್ಕಾಟ್ಲೆಂಡಿನ ವೇಷದ ಮಕ್ಕಳು ಹಾಡಿಯೋ ಪದ್ಯ ಹೇಳಿಯೋ ಕಾಸು ಗಿಟ್ಟಿಸಬೇಕಿತ್ತು. ಅಮೆರಿಕಕ್ಕೆ ಬಂದ ಮೇಲೆ ಹಾಡು ಬಿದ್ದುಹೋಗಿ ಬರೀ ಕಿಡಿಗೇಡಿತನ ಉಳಿಯಿತು: ಗೇಟು ಕಿತ್ತುಕೊಂಡು ಹೋಗುವುದು, ಗಾಡಿಯನ್ನು ಮಾಡಿನ ಮೇಲೇರಿಸುವುದು, ಪೇಟೆ ಬೀದಿಗೆ ದನ ಬಿಡುವುದು. ರಾತ್ರಿ ಹುಡುಗರ ಕೈಗೆ ಬೇರೆ ಕೆಲಸ ಕೊಡೋಣವೆಂದು ಆನೋಕಾದ ಹಿರಿಯರು 1920ರಲ್ಲಿ ಮೆರವಣಿಗೆ ಆರಂಭಿಸಿದರು. ಹೌದು, ದೈತ್ಯ ಕುಂಬಳದ ಮೇಷ್ಟ್ರ ಊರೇ. ಅದು ತನ್ನನ್ನು ಹ್ಯಾಲೋವೀನ್ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. 'ತಿಂಡಿ ಕೊಡುತ್ತೀರೋ, ಕಾಟ ಕೊಡೋಣವೋ' ಎಂಬ ಬೆದರಿಕೆ 1920ರ ದಶಕದಲ್ಲಿ ಕೆನಡಾದ ಪತ್ರಿಕೆಗಳಲ್ಲಿ ಕಾಣುತ್ತದೆ. ಎರಡನೆಯ ಮಹಾಯುದ್ಧದ ಸಕ್ಕರೆ ರೇಷನ್ 1947ರಲ್ಲಿ ಮುಗಿದದ್ದೇ ತಡ, ಲಂಚದ ದರ ಚಾಕಲೇಟಿನಲ್ಲಿ ನಿಗದಿಯಾಯಿತು.

ಬೋಗುಣಿಯಲ್ಲಿ ಏನೇನಿದೆ? ಕಿತ್ತಳೆ ಹೊದಿಕೆಯದು ರೀಸಸ್, ಕಡಲೆಕಾಯಿ ಬೆಣ್ಣೆ ತುಂಬಿದ್ದು, 1928ರಿಂದ ಇದೆ. ಮಕ್ಕಳು ಮೊದಲು ಕೈ ಹಾಕುವುದು ಇದಕ್ಕೇ. ಸ್ನಿಕರ್ಸ್ 1930ರದು, ಮಾರ್ಸ್ ಕುಟುಂಬದ ಕುದುರೆಯ ಹೆಸರು. ಹಳದಿ, ಕಿತ್ತಳೆ, ಬಿಳಿ ಪಟ್ಟೆಯ ಜೋಳದ ಕಾಳಿನಂಥದು ಕ್ಯಾಂಡಿ ಕಾರ್ನ್. 1880ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಮುಂದೆ ಕೋಳಿ ಕಾಳು ಎಂಬ ಹೆಸರಿನಲ್ಲಿ ಮಾರಾಟವಾದದ್ದು. ಮೇಣದ ಬತ್ತಿಗೆ ಸಕ್ಕರೆ ಬೆರೆಸಿದ ರುಚಿ. ಇದನ್ನು ಇಷ್ಟಪಡುವ ಅಮೆರಿಕನ್ನರೂ ಇದ್ದಾರಂತೆ.

ಶಾಕಾಹಾರಿಗಳಿಗೆ ಸೂಚನೆ: ಕ್ಯಾಂಡಿ ಕಾರ್ನ್‌ನ ಎಷ್ಟೋ ಬ್ರಾಂಡುಗಳಲ್ಲಿ, ಎಳೆದರೆ ಉದ್ದವಾಗುವ ಗಮ್ಮಿಗಳಲ್ಲಿ, ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇರುತ್ತದೆ, ಅದು ದನ, ಹಂದಿಗಳ ಚರ್ಮ-ಮೂಳೆಯಿಂದ ತೆಗೆದದ್ದು. ಪೊಟ್ಟಣದ ಹಿಂಬದಿ ಓದಿ. ಕ್ಯಾಂಡಿ ಕಾರ್ನ್‌ನ ಹೊಳಪಿಗೆ ಹಚ್ಚುವುದು ಅರಗು, ಮರಕ್ಕೆ ಮುತ್ತುವ ಹುಳದ ಅಂಟು. ಅದರ ದೊಡ್ಡ ಸರಬರಾಜುದಾರ ನಮ್ಮದೇ ದೇಶ, ನಮ್ಮಲ್ಲಿ ಹೆಚ್ಚು ತೆಗೆಯುವುದು ಜಾರ್ಖಂಡ್. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗು ಈಗ ಅಮೆರಿಕದ ಮಕ್ಕಳ ಹಲ್ಲಿಗೆ ಅಂಟುತ್ತಿದೆ.

ಚಕ್ಕುಲಿ, ಕೋಡುಬಳೆ ಹಂಚುವ ಆಸೆ ಬಿಡಿ. ಎಷ್ಟೇ ಗರಿಗರಿಯಾಗಿದ್ದರೂ ಮನೆಯಲ್ಲಿ ಮಾಡಿದ್ದನ್ನು ಅಪರಿಚಿತರ ಮಕ್ಕಳು ತಿನ್ನುವುದಿಲ್ಲ, ತಂದೆ-ತಾಯಿ ಅಂದೇ ರಾತ್ರಿ ಕಸದ ಬುಟ್ಟಿಗೆ ಹಾಕುತ್ತಾರೆ. ಯಾರೋ ವಿಷ ಬೆರೆಸಿಯಾರು, ಸೇಬಿನಲ್ಲಿ ಬ್ಲೇಡು ಇಟ್ಟಾರು ಎಂಬ ಭಯ. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ದಶಕಗಳ ಸುದ್ದಿಗಳನ್ನು ಜಾಲಾಡಿ ನೋಡಿದರು: ಅಪರಿಚಿತರೊಬ್ಬರು ಹ್ಯಾಲೋವೀನ್ ಸಿಹಿಗೆ ವಿಷ ಹಾಕಿ ಮಗುವನ್ನು ಕೊಂದ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ಹಬ್ಬದ ಸಿಹಿಯಲ್ಲಿ ಸಯನೈಡ್ ತಿಂದು ಒಬ್ಬ ಹುಡುಗ ಸತ್ತದ್ದು ನಿಜ. ಹಾಕಿದವನು ಸ್ವಂತ ಅಪ್ಪ, ವಿಮೆ ಹಣಕ್ಕಾಗಿ. ಇಡೀ ದೇಶ ಅಪರಿಚಿತನನ್ನು ಶಂಕಿಸುತ್ತ ಕೂತಿದೆ. ಈ ಹಬ್ಬದಲ್ಲಿ ನಿಜವಾಗಿ ಮೈ ನಡುಗಿಸುವ ಕಥೆ ಅದೊಂದೇ, ಅದರಲ್ಲಿ ದೆವ್ವವಿಲ್ಲ.

ನಿಜವಾದ ಅಪಾಯ ಕಡಲೆಕಾಯಿ. ಅದರ ಅಲರ್ಜಿ ಇರುವ ಮಕ್ಕಳು ಇಲ್ಲಿ ಬಹಳ. ಯಾವುದಾದರೂ ಮನೆ ಮುಂದೆ ನವಿಲು ಬಣ್ಣದ ಕುಂಬಳ ಕಂಡರೆ, ಅಲ್ಲಿ ತಿಂಡಿಯಲ್ಲದ ಉಡುಗೊರೆ ಸಿಗುತ್ತದೆ ಎಂದು ಗುರುತು; 2014ರಿಂದ ದೇಶದಲ್ಲೆಲ್ಲ ಹರಡಿದ ಪದ್ಧತಿ. ಪೆನ್ಸಿಲ್ಲೋ ಸ್ಟಿಕ್ಕರೋ ಒಂದಿಷ್ಟು ಪಕ್ಕದಲ್ಲಿಟ್ಟುಕೊಳ್ಳಿ.

ಬಾಗಿಲಿಗೆ ಬಂದವರನ್ನು ಗುರುತಿಸುವುದು

ಚಪ್ಪಟೆ ತಲೆ, ಹಸಿರು ಮುಖ, ಕುತ್ತಿಗೆಯಲ್ಲಿ ಬೋಲ್ಟು: ಇವನನ್ನು ಫ್ರಾಂಕೆನ್‌ಸ್ಟೈನ್ ಎನ್ನಬೇಡಿ, ಇಂಗ್ಲಿಷ್ ಮೇಷ್ಟ್ರ ಮಕ್ಕಳಾದರೆ ತಿದ್ದುತ್ತಾರೆ. ಅದು ಇವನನ್ನು ಮಾಡಿದವನ ಹೆಸರು, ಇವನಿಗೆ ಹೆಸರೇ ಇಲ್ಲ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿ-ಹೊಗೆ ಸೂರ್ಯನನ್ನು ಮಂಕು ಮಾಡಿ, 1816ರಲ್ಲಿ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಗೆಳೆಯರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದರು; 18ರ ಹುಡುಗಿ ಮೇರಿ ಶೆಲ್ಲಿ ಆಗ ಶುರು ಮಾಡಿದ ಇವನ ಕಥೆಯ ಕಾದಂಬರಿ 1818ರಲ್ಲಿ ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಬೋಲ್ಟು, ಚಪ್ಪಟೆ ತಲೆ ಯಾವುದೂ ಅದರಲ್ಲಿಲ್ಲ. ಅವೆಲ್ಲ 1931ರ ಸಿನಿಮಾದ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್‌ನ ಕೈಚಳಕ. ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್‌ನ ನಿಜನಾಮ ವಿಲಿಯಂ ಹೆನ್ರಿ ಪ್ರ್ಯಾಟ್, ಅವನ ಪೂರ್ವಿಕರಲ್ಲಿ ಭಾರತೀಯರೂ ಇದ್ದರು. ಆದ್ದರಿಂದ ಇವನಿಗೆ ಒಂದು ಚಾಕಲೇಟ್ ಜಾಸ್ತಿ ಕೊಟ್ಟರೆ ತಪ್ಪೇನಿಲ್ಲ.

ಕಪ್ಪು ನಿಲುವಂಗಿ, ಕೋರೆಹಲ್ಲು: ಡ್ರ್ಯಾಕುಲಾ. 1897ರಲ್ಲಿ ಇವನನ್ನು ಸೃಷ್ಟಿಸಿದ ಡಬ್ಲಿನ್ನಿನ ಬ್ರಾಮ್ ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನೇ ಅಲ್ಲ, ಬರೆದದ್ದೆಲ್ಲ ಪುಸ್ತಕ ಓದಿ. ಆ ಕಾದಂಬರಿಯಲ್ಲಿ ಡ್ರ್ಯಾಕುಲಾ ಹಾಡುಹಗಲೇ ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಎಂಬುದು 1922ರ ಜರ್ಮನ್ ಮೂಕಿಚಿತ್ರ ನೊಸ್ಫೆರಾಟು ಹಬ್ಬಿಸಿದ್ದು. ಅನುಮತಿ ಪಡೆಯದೆ ಕಥೆ ಕದ್ದರೆಂದು ಸ್ಟೋಕರ್‌ನ ಹೆಂಡತಿ ದಾವೆ ಹೂಡಿ ಗೆದ್ದರು, ಪ್ರತಿಗಳನ್ನು ನಾಶ ಮಾಡುವಂತೆ ಆದೇಶವಾಯಿತು. ಕೆಲವು ತಪ್ಪಿಸಿಕೊಂಡವು. ಪಿಶಾಚಿಗಳ ಸ್ವಭಾವವೇ ಅದು.

ಭಾವನೆಯೇ ಇಲ್ಲದ ಬಿಳಿ ಮುಖವಾಡ: 1978ರ ಹ್ಯಾಲೋವೀನ್ ಸಿನಿಮಾದ ಕೊಲೆಗಾರ. ಹಣವಿಲ್ಲದ ಚಿತ್ರತಂಡ ಅಂಗಡಿಯಲ್ಲಿ ಸಿಕ್ಕ, ಸ್ಟಾರ್ ಟ್ರೆಕ್ ನಟ ವಿಲಿಯಂ ಶಾಟ್ನರ್ ಮುಖದ ರಬ್ಬರ್ ಮುಖವಾಡಕ್ಕೆ ಬಿಳಿ ಬಣ್ಣ ಬಳಿದು ಕೆಲಸ ಮುಗಿಸಿತು. ಕಥೆ ಶರತ್ಕಾಲದ್ದು, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಉದುರೆಲೆಗೆ ಬಣ್ಣ ಬಳಿದು ನೆಲಕ್ಕೆ ಚೆಲ್ಲಿ, ಶಾಟ್ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ ಮತ್ತೆ ಬಳಸಿದರು.

ತಲೆಯಿಲ್ಲದ ಸವಾರ ಬಂದರೆ 1820ರ ವಾಷಿಂಗ್ಟನ್ ಅರ್ವಿಂಗ್ ಕಥೆ. ನ್ಯೂಯಾರ್ಕ್ ಬಳಿಯ ಒಂದು ಊರು ಆ ಕಥೆಗಾಗಿ 1996ರಲ್ಲಿ ತನ್ನ ಹೆಸರನ್ನೇ ಸ್ಲೀಪಿ ಹಾಲೋ ಎಂದು ಬದಲಿಸಿಕೊಂಡಿದೆ. ನೀಲಿ ಲಂಗದ ಹುಡುಗಿ ಕಾರ್ಟೂನ್ ಸಿನಿಮಾದ ಎಲ್ಸಾ, ಇವಳು ಹತ್ತು ಸಲ ಬರುತ್ತಾಳೆ. ಬೇರೆ ಬೇರೆ ಮಕ್ಕಳು, ಬೈಯಬೇಡಿ. ವೇಷವಿಲ್ಲದೆ, ಮೀಸೆ ಚಿಗುರಿದ, ಚೀಲ ಹಿಡಿದ ಉದ್ದನೆಯ ಹುಡುಗ: ಇವನಿಗೂ ಕೊಟ್ಟುಬಿಡಿ.

ಚಾಲನೆ

ಇಡೀ ಯಂತ್ರಕ್ಕೆ ಇರುವುದು ಒಂದೇ ಸ್ವಿಚ್, ಬಾಗಿಲ ಹೊರಗಿನ ದೀಪದ್ದು. ದೀಪ ಉರಿಯುತ್ತಿದ್ದರೆ ಬನ್ನಿ, ಆರಿಸಿದ್ದರೆ ಬರಬೇಡಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಿತ್ತು. ಹಾಗೆ ಎರಡೂ ಒಟ್ಟಿಗೆ ಬಂದ ವರ್ಷ ಹೊಸ್ತಿಲಲ್ಲಿ ಸಾಲುಹಣತೆ ಹಚ್ಚುವವರು ಬೋಗುಣಿಯನ್ನು ದುಪ್ಪಟ್ಟು ತುಂಬಿಸಿಕೊಳ್ಳಬೇಕು.

ಅಯೋವಾದ ಡಿ ಮೋಯ್ನ್ ನಗರದಲ್ಲಿದ್ದರೆ ಸುಮ್ಮನೆ ಕೊಡಬೇಡಿ. ಪುಂಡಾಟ ತಡೆಯಲೆಂದು 1938ರಲ್ಲಿ ಶುರುವಾದ ಅಲ್ಲಿನ ಪದ್ಧತಿಯಂತೆ ಮಕ್ಕಳು ಒಂದು ನಗೆಹನಿ ಹೇಳಿದ ಮೇಲೇ ಸಿಹಿ. ಅರ್ಥವಾಗದಿದ್ದರೂ ನಗಿ, ಅವು ಸಾಮಾನ್ಯವಾಗಿ ಅಷ್ಟೇನೂ ಚೆನ್ನಾಗಿರುವುದಿಲ್ಲ.

ಗಡಿಯಾರ ಒಂದು ಗಂಟೆ ಹಿಂದೆ ಸರಿಸುವುದು ಮೊದಲು ಅಕ್ಟೋಬರಿನ ಕೊನೆಯ ಭಾನುವಾರ ಇತ್ತು. ಹಬ್ಬದ ಸಂಜೆಗೆ ಒಂದು ಗಂಟೆ ಹೆಚ್ಚು ಬೆಳಕಿರಲಿ ಎಂದು ಮಿಠಾಯಿ ಕಂಪನಿಗಳು ವರ್ಷಗಟ್ಟಲೆ ಒತ್ತಾಯಿಸಿದ್ದವು. 2007ರಿಂದ ಅದು ನವೆಂಬರಿನ ಮೊದಲ ಭಾನುವಾರಕ್ಕೆ ಹೋಗಿದೆ. ನಿಮಗೆ ಇದರಿಂದ ಆಗುವುದು ಇಷ್ಟು: ಆ ಭಾನುವಾರದಿಂದ ನ್ಯೂಜೆರ್ಸಿಗೂ ಮೈಸೂರಿಗೂ ಒಂಬತ್ತೂವರೆ ಗಂಟೆ ಇದ್ದ ಅಂತರ ಹತ್ತೂವರೆ ಆಗುತ್ತದೆ. ಊರಿಗೆ ಫೋನ್ ಮಾಡುವ ಹೊತ್ತು ನೋಡಿಕೊಳ್ಳಿ.

ದೋಷ ನಿವಾರಣೆ

ಪಕ್ಕದ ಮನೆಯ ಅಂಗಳದಲ್ಲಿ ಹನ್ನೆರಡು ಅಡಿ ಎತ್ತರದ ಅಸ್ಥಿಪಂಜರ ನಿಂತಿದೆ: ಗಾಬರಿ ಬೇಡ. 2020ರಲ್ಲಿ ಹೋಮ್ ಡಿಪೋ ಅಂಗಡಿ ಮಾರಾಟಕ್ಕಿಟ್ಟ ಪ್ಲಾಸ್ಟಿಕ್ ಬೊಂಬೆ. ಮಡಚಿಡಲು ಜಾಗವಿಲ್ಲದವರು ಅದಕ್ಕೆ ಡಿಸೆಂಬರಿನಲ್ಲಿ ಸಾಂತಾ ಟೋಪಿ ಹಾಕಿ ಅಲ್ಲೇ ಬಿಡುತ್ತಾರೆ.

ಮರಗಳೆಲ್ಲ ಕೆಂಪಾಗಿವೆ, ರೋಗವೇ: ಅಲ್ಲ. ದಿನ ಚಿಕ್ಕದಾದಂತೆ ಮರ ಎಲೆಯ ಹಸಿರನ್ನು ಒಡೆದು ಒಳಗೆಳೆದುಕೊಳ್ಳುತ್ತದೆ, ಆಗ ಅಡಿಯಲ್ಲಿ ಮೊದಲೇ ಇದ್ದ ಹಳದಿ, ಕಿತ್ತಳೆ ಮೇಲೆ ಕಾಣುತ್ತವೆ. ಕುಂಬಳಕ್ಕೆ ಬಣ್ಣ ಕೊಡುವುದೂ ಅದೇ ಕ್ಯಾರೊಟಿನಾಯ್ಡ್ ವರ್ಗ. ಕೆಂಪನ್ನು ಮಾತ್ರ ಮೇಪಲ್ ಮರ ಸಾಯುವ ಎಲೆಯೊಳಗೆ ಹೊಸದಾಗಿ ತಯಾರಿಸುತ್ತದೆ.

ಸತ್ತವರು ಬರಲಿಲ್ಲ: ಇದು ಹಳೆಯ ದೂರು. ಎಂಥ ಬೀಗದಿಂದಲೂ ಹೊರಬರುತ್ತಿದ್ದ ಜಾದೂಗಾರ ಹ್ಯಾರಿ ಹೌಡಿನಿ 1926ರ ಅಕ್ಟೋಬರ್ 31ರಂದು ಡೆಟ್ರಾಯಿಟ್‌ನಲ್ಲಿ ತೀರಿಕೊಂಡ. ಸಾಧ್ಯವಾದರೆ ಗುಟ್ಟಿನ ಸಂಕೇತ ಕಳಿಸುತ್ತೇನೆ ಎಂದು ಹೆಂಡತಿ ಬೆಸ್‌ಗೆ ಮಾತು ಕೊಟ್ಟಿದ್ದ. ಆಕೆ ಹತ್ತು ವರ್ಷ ಕಾದು, 1936ರ ಹ್ಯಾಲೋವೀನ್ ರಾತ್ರಿ ಹಾಲಿವುಡ್ಡಿನ ಹೋಟೆಲೊಂದರ ಮೇಲ್ಛಾವಣಿಯಲ್ಲಿ ಕೊನೆಯ ಸಲ ಕರೆದರು. ಅವನು ಬರಲಿಲ್ಲ.

ಚಾಕಲೇಟ್ ಮುಗಿದುಹೋಯಿತು: ದೀಪ ಆರಿಸಿ.

ಚಾಕಲೇಟ್ ಮಿಕ್ಕಿತು: ನಿಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ನೆನಪಿಸಿಕೊಳ್ಳಿ. ಮರುದಿನ ಅಂಗಡಿಯಲ್ಲಿ ಇವೇ ಅರ್ಧ ಬೆಲೆಗೆ ಸಿಗುತ್ತವೆ. ಊರಿಗೆ ಒಯ್ಯುವ ಸೂಟ್‌ಕೇಸಿಗೆ ಕೊಳ್ಳಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ವಿಲೇವಾರಿ

ಕೆತ್ತಿದ ಕುಂಬಳ ಗೊಬ್ಬರದ ಗುಂಡಿಗೆ. ಪೋರ್ಟ್‌ಲೆಂಡಿನ ಆರೆಗನ್ ಮೃಗಾಲಯದಲ್ಲಿ 1999ರಿಂದ ಆನೆಗಳಿಗೆ ದೈತ್ಯ ಕುಂಬಳ ಕೊಡುತ್ತಾರೆ, ಅವು ಮೊದಲು ಕಾಲಿನಿಂದ ಮೆಟ್ಟಿ ಒಡೆದು ಆಮೇಲೆ ತಿನ್ನುತ್ತವೆ. ನಿಮ್ಮ ಬೀದಿಯಲ್ಲಿ ಆನೆ ಇಲ್ಲದಿದ್ದರೆ ಬಾಗಿಲ ಮುಂದಿನ ಕುಂಬಳಗಳನ್ನು ಎರಡು ದಿನದೊಳಗೆ ಎತ್ತಿಸಿ, ಕೊಳೆತ ಮೇಲೆ ಮೆಟ್ಟಿಲಿನಿಂದ ಕೆರೆದು ತೆಗೆಯುವ ಕೆಲಸ ನಿಮ್ಮ ಪಾಲಿಗೇ ಬರುತ್ತದೆ. ಕೆತ್ತದೆ ಉಳಿದ ಪುಟ್ಟ ಪೈ ಕುಂಬಳ ಒಂದಿದ್ದರೆ ಸಿಪ್ಪೆ ಹೆರೆದು ಹುಳಿ ಮಾಡಿ. ರಾಜ್ಯೋತ್ಸವದ ಅಡುಗೆಯೂ ಆಯಿತು.